ಗುಜರಿಯಿಂದ ಮತ್ತೆ ಗಗನಕ್ಕೆ

ಹಳೆಯ ವಿಮಾನವನ್ನು ವಸ್ತುಸಂಗ್ರಹಾಲಯದಲ್ಲಿ ನಿಲ್ಲಿಸಿ ಧೂಳು ಒರೆಸಿಕೊಂಡಿರುವುದು ಸುಲಭ. ಅದನ್ನು ಹಾರುವ ಸ್ಥಿತಿಯಲ್ಲೇ ಇಡುವುದು ಬಲು ಕಷ್ಟ. ಅಮೆರಿಕ, ಬ್ರಿಟನ್ ಮುಂತಾದ ದೇಶಗಳಲ್ಲಿ ಈ ಕಷ್ಟವನ್ನು ಇಷ್ಟಪಟ್ಟು ಹೊತ್ತ ಸಂಘಗಳಿವೆ. ಸಂಬಳವಿಲ್ಲದೆ ದುಡಿಯುವ ಸ್ವಯಂಸೇವಕರೇ ಅವುಗಳ ಬಲ.

ಹೀಗೆ ಉಳಿದುಬಂದ ವಿಮಾನವೊಂದಕ್ಕೆ ಬೆಂಗಳೂರಿನ ನಂಟಿದೆ. ಅದು ಎರಡನೆಯ ಮಹಾಯುದ್ಧ ಕಾಲದ ‘ಬಿ-24 ಲಿಬರೇಟರ್’ ಬಾಂಬರ್. 1944ರಲ್ಲಿ ಅಮೆರಿಕದಲ್ಲಿ ತಯಾರಾಗಿ ಬ್ರಿಟಿಷ್ ವಾಯುಪಡೆ ಸೇರಿತು. ಯುದ್ಧ ಮುಗಿದಾಗ ಬ್ರಿಟಿಷರು ಇಂಥ ಹಲವು ವಿಮಾನಗಳನ್ನು ಮತ್ತಾರಿಗೂ ದಕ್ಕಬಾರದೆಂದು ಕೆಡಿಸಿ ಕಾನ್ಪುರದಲ್ಲಿ ಬಿಟ್ಟುಹೋದರು. 1948ರಲ್ಲಿ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯವರು ಆ ಗುಜರಿಗೆ ಕೈಹಾಕಿದರು. ಸುಮಾರು 40 ವಿಮಾನಗಳನ್ನು ಬೆಂಗಳೂರಿಗೆ ಹಾರಿಸಿ ತಂದು ದುರಸ್ತಿ ಮಾಡಿದರು. ಭಾರತೀಯ ವಾಯುಪಡೆ ಅವನ್ನು 1968ರವರೆಗೂ ಬಳಸಿತು.

ಅವುಗಳಲ್ಲಿ ಒಂದನ್ನು 1984ರಲ್ಲಿ ಅಮೆರಿಕದ ಕಾಲಿಂಗ್ಸ್ ಫೌಂಡೇಷನ್ ಎಂಬ ಲಾಭರಹಿತ ಸಂಸ್ಥೆ ಕೊಂಡಿತು. ಬಿಡಿಭಾಗಗಳಾಗಿ ಹಡಗಿನಲ್ಲಿ ಹೋದ ವಿಮಾನ 1989ರಲ್ಲಿ ಮತ್ತೆ ಹಾರಿತು. ಊರೂರು ಸುತ್ತಿತು. ಮಕ್ಕಳು ಒಳಗೆ ಹತ್ತಿ ನೋಡಿದರು. ಹಣ ತೆತ್ತವರು ಹಾರಿಯೂ ಬಂದರು.

ಇದರ ಹಿಂದಿನ ಶ್ರಮ ಎಷ್ಟು? ಲಿಬರೇಟರಿಗೆ ನಾಲ್ಕು ಎಂಜಿನ್‌ಗಳು. ಒಂದೊಂದರಲ್ಲಿ 14 ಸಿಲಿಂಡರ್, ಪ್ರತಿ ಸಿಲಿಂಡರಿಗೆ ಎರಡು ಸ್ಪಾರ್ಕ್ ಪ್ಲಗ್. ಗುಣಿಸಿ ನೋಡಿ: ಒಟ್ಟು 112 ಪ್ಲಗ್! ಇವುಗಳಿಗೆ ವಿದ್ಯುತ್ ಒದಗಿಸುವುದು ಮ್ಯಾಗ್ನೆಟೊ. ಅದರಲ್ಲಿ ಅಯಸ್ಕಾಂತ ತಿರುಗಿದಾಗ ತಂತಿಯ ಸುರುಳಿಯಲ್ಲಿ ವಿದ್ಯುತ್ ಹುಟ್ಟುತ್ತದೆ. 1831ರಲ್ಲಿ ಫ್ಯಾರಡೆ ಕಂಡುಕೊಂಡ, ಪ್ರೌಢಶಾಲೆಯಲ್ಲಿ ನೀವು ಓದುವ ತತ್ತ್ವವೇ ಇದು. ಪ್ಲಗ್ಗಿನ ತುದಿಯಲ್ಲಿ ಕಿಡಿ ಹಾರುವ ಅಂತರ ಅರ್ಧ ಮಿಲಿಮೀಟರಿನ ಆಸುಪಾಸು. ಅದು ಹೆಚ್ಚುಕಡಿಮೆಯಾದರೆ ಎಂಜಿನ್ನಿನ ಶಕ್ತಿ ಕುಂದುತ್ತದೆ.

ಇದು ಸಣ್ಣ ವಿಷಯವಲ್ಲ. 2019ರ ಅಕ್ಟೋಬರ್ 2ರಂದು ಇದೇ ಸಂಸ್ಥೆಯ ‘ಬಿ-17’ ಎಂಬ ಇನ್ನೊಂದು ಹಳೆಯ ವಿಮಾನ ಕನೆಕ್ಟಿಕಟ್ ರಾಜ್ಯದಲ್ಲಿ ಅಪಘಾತಕ್ಕೀಡಾಗಿ ಏಳು ಮಂದಿ ಸತ್ತರು. ಪೈಲಟ್ಟಿನ ತಪ್ಪಿನ ಜೊತೆಗೆ ಪಾಲನೆಯ ಕೊರತೆಯೂ ಕಾರಣವೆಂದು ತನಿಖೆ ಹೇಳಿತು. ಮ್ಯಾಗ್ನೆಟೊ ಕೆಟ್ಟಿತ್ತು, ಪ್ಲಗ್ಗುಗಳ ಅಂತರ ತಪ್ಪಿತ್ತು. ಹಣ ಪಡೆದು ಜನರನ್ನು ಹಾರಿಸಲು ಸಂಸ್ಥೆಗಿದ್ದ ಅನುಮತಿಯನ್ನು 2020ರಲ್ಲಿ ಸರ್ಕಾರ ಹಿಂತೆಗೆದುಕೊಂಡಿತು.

ಹಾಗಾದರೆ ಹಳೆಯ ವಿಮಾನಗಳನ್ನು ಹಾರಿಸುವುದೇ ತಪ್ಪೇ? ಹಾಗಲ್ಲ. ಗುಜರಿಯಲ್ಲಿದ್ದುದನ್ನು ಮೇಲೆತ್ತಿದ ಕೈಗಳು ಹೆಮ್ಮೆಪಡುವಂಥವು. ಆದರೆ ಯಂತ್ರಕ್ಕೆ ನಮ್ಮ ಪ್ರೀತಿ ಗೊತ್ತಾಗುವುದಿಲ್ಲ, ನಾವು ಬಿಗಿದ ತಿರುಪು ಮಾತ್ರ ಗೊತ್ತಾಗುತ್ತದೆ. ಮನೆಯ ಸ್ಕೂಟರಿನ ಪ್ಲಗ್ ತೆಗೆದು ಒರೆಸುವಾಗ ಮಗನನ್ನೋ ಮಗಳನ್ನೋ ಪಕ್ಕದಲ್ಲಿ ಕೂರಿಸಿಕೊಳ್ಳಿ. ಈ ಪಾಠ ಅಲ್ಲಿಂದಲೇ ಶುರುವಾಗಲಿ.