ಬಾವುಟದ ಬಟನ್ ಒತ್ತೋ ಮುಂಚೆ

ಅರವತ್ನಾಲ್ಕು ಮನೆ ♟️ ಕಂತು 23

(ಭಾಗ 1/4)

ಮೊನ್ನೆ ರಾತ್ರಿ ಹನ್ನೊಂದೂವರೆ. ಮಲಗೋ ಮುಂಚೆ ಒಂದೇ ಒಂದು ಆಟ ಅಂತ ಫೋನ್ ತೆಗೆದೆ. ಹತ್ತು ನಿಮಿಷದ ರ‍್ಯಾಪಿಡ್, ನನ್ನದು ಬಿಳಿ. ಇಪ್ಪತ್ತೆರಡನೇ ನಡೆಯಲ್ಲಿ ನನ್ನ ಮಂತ್ರಿಯನ್ನ ಅವನ ಆನೆಯ ಬಾಯಿಗೇ ತಗೊಂಡು ಹೋಗಿ ಇಟ್ಟೆ. ಅವನು ಹೊಡೆದ. ನನ್ನ ಬೆರಳು ತಾನಾಗೇ ಬಾವುಟದ ಬಟನ್ ಮೇಲೆ ಹೋಯ್ತು. ರಿಸೈನ್. ಹೊಸ ಆಟ. ಸೋಲು. ಇನ್ನೊಂದು. ಸೋಲು. ಮಲಗುವಾಗ ನಾಲ್ಕು ಆಟ, ಮೂವತ್ತು ಪಾಯಿಂಟ್ ಹೋಗಿತ್ತು.

ಬೆಳಗ್ಗೆ ಕಾಫಿ ಹಿಡ್ಕೊಂಡು ಆ ಮೊದಲನೇ ಆಟ ತೆರೆದು ನೋಡಿದೆ. ನನ್ನ ಮಂತ್ರಿಯನ್ನ ಹೊಡೆಯೋಕೆ ಅವನ ಆನೆ ಹಿಂದಿನ ಸಾಲು ಬಿಟ್ಟು ಬಂದಿತ್ತು. ಅವನ ರಾಜನ ಮುಂದೆ ಮೂರು ಕಾಲಾಳು ಗೋಡೆ ಕಟ್ಟಿದ ಹಾಗೆ ನಿಂತಿದ್ವು. ಹಿಂದಿನ ಸಾಲು ಕಾಯೋಕೆ ಯಾರೂ ಇಲ್ಲ. ನನ್ನ ಆನೆ ಇ ಸಾಲಲ್ಲಿ ಇತ್ತು, ದಾರಿ ಪೂರ್ತಿ ಖಾಲಿ.

ಆನೆ ಇ8. ಚೆಕ್‌ಮೇಟ್. ಒಂದೇ ನಡೆ.

ಗೆದ್ದ ಆಟವನ್ನ ನಾನೇ ಕೈಯಾರೆ ಬಿಟ್ಟುಕೊಟ್ಟಿದ್ದೆ. ಆ ಸ್ಥಿತಿಯನ್ನ ನಾನು ಮೂರು ಸೆಕೆಂಡ್ ಕೂಡ ನೋಡಿರಲಿಲ್ಲ. ನಾನು ನೋಡಿದ್ದು ನನ್ನ ಅವಮಾನವನ್ನ ಮಾತ್ರ.

ಇವತ್ತಿನ ಮಾತು ಅದರ ಬಗ್ಗೆ. ಸೋಲ್ತಿರೋ ಆಟವನ್ನ ಯಾವಾಗ ಬಿಡಬೇಕು?

(ಭಾಗ 2/4)

ಇದು ನಮ್ಮಂಥ ಸಾಮಾನ್ಯ ಆಟಗಾರರಿಗೆ ಮಾತ್ರ ಬರೋ ಕಾಯಿಲೆ ಅಂದುಕೋಬೇಡಿ.

1902, ಮಾಂಟೆ ಕಾರ್ಲೋ ಟೂರ್ನಿ. ಫಾನ್ ಪೋಪಿಯೆಲ್ ಎದುರು ಗೇಯೋರ್ಗ್ ಮಾರ್ಕೋ ಆಡ್ತಿದ್ರು. ಮಾರ್ಕೋ ಅವರ ಒಂಟೆ, ಅಂದ್ರೆ ಬಿಷಪ್, ಸಿಕ್ಕಿಹಾಕಿಕೊಂಡಿತ್ತು. ಅದು ಉಳಿಯಲ್ಲ ಅಂತ ಅವರು ಸೋಲು ಒಪ್ಪಿಕೊಂಡರು. ಅದೇ ಒಂಟೆಯನ್ನ ಜಿ1 ಮನೆಗೆ ನಡೆಸಿದ್ದರೆ ಗೆಲುವು ಅವರದೇ. ಸತ್ತಿದೆ ಅಂದುಕೊಂಡ ಕಾಯೇ ಗೆಲ್ಲಿಸೋ ಕಾಯಿ ಆಗಿತ್ತು.

1997, ನ್ಯೂಯಾರ್ಕ್. ಡೀಪ್ ಬ್ಲೂ ಕಂಪ್ಯೂಟರ್ ಎದುರು ಕಾಸ್ಪರೋವ್, ಎರಡನೇ ಆಟ. 45 ನಡೆ ಆದ ಮೇಲೆ ಕಾಸ್ಪರೋವ್ ಕೈಚೆಲ್ಲಿದರು. ಸತತ ಚೆಕ್ ಕೊಟ್ಟು ಡ್ರಾ ಮಾಡ್ಕೊಳ್ಳೋ ದಾರಿ ಅಲ್ಲಿ ಇತ್ತು ಅಂತ ಆಮೇಲೆ ವಿಶ್ಲೇಷಣೆ ಮಾಡಿದವರು ತೋರಿಸಿದರು. ಆ ಪಂದ್ಯಾವಳಿ ಅವರು ಸೋತಿದ್ದು 3.5–2.5 ಅಂತರದಲ್ಲಿ. ಆ ಅರ್ಧ ಪಾಯಿಂಟ್ ಉಳಿದಿದ್ದರೆ ಲೆಕ್ಕ 3–3. ಇಷ್ಟು ಚೆನ್ನಾಗಿ ಆಡಿದ ಯಂತ್ರ ಡ್ರಾ ಬಿಟ್ಟಿರಲ್ಲ ಅನ್ನೋ ನಂಬಿಕೆ ಅಂಥ ದೊಡ್ಡ ಆಟಗಾರನ ಕಣ್ಣನ್ನೂ ಮುಚ್ಚಿಸ್ತು ಅಂತ ನನಗನ್ನಿಸುತ್ತೆ.

ಈಗ ಇನ್ನೊಂದು ಬದಿ ನೋಡಿ. 2025ರ ಜೂನ್ 1, ನಾರ್ವೆ ಚೆಸ್. ಕಾರ್ಲ್‌ಸನ್ ಎದುರು ನಮ್ಮ ಗುಕೇಶ್. ಆಟದ ಬಹುಭಾಗ ಕಾರ್ಲ್‌ಸನ್ ಹಿಡಿತದಲ್ಲೇ ಇತ್ತು. ಗುಕೇಶ್ ಬಿಡಲಿಲ್ಲ. ಒಂದೊಂದು ನಡೆಯಲ್ಲೂ ಏನಾದರೊಂದು ಕಷ್ಟ ಎದುರಿಗಿಡ್ತಾ ಹೋದ. ಕೊನೆಗೆ ಸಮಯ ಕಡಿಮೆ ಇದ್ದಾಗ ಕಾರ್ಲ್‌ಸನ್ 52ನೇ ನಡೆಯಲ್ಲಿ ಕುದುರೆಯನ್ನ ತಪ್ಪು ಮನೆಗೆ ಇಟ್ಟರು. ಆಟ ಮುಗಿದಾಗ ಅವರು ಮೇಜು ಗುದ್ದಿದ ವಿಡಿಯೋ ನೀವೂ ನೋಡಿರ್ತೀರಿ. ಗೆಲ್ಲೋಕೆ ಅದೃಷ್ಟವೂ ಬೇಕಾಯ್ತು ಅಂತ ಗುಕೇಶ್ ತಾನೇ ಒಪ್ಪಿಕೊಂಡ.

ನಿಜ, ಅದೃಷ್ಟ. ಆದ್ರೆ ಆ ಅದೃಷ್ಟ ಬಾಗಿಲು ತಟ್ಟಿದಾಗ ಅವನು ಮನೇಲಿದ್ದ.

(ಭಾಗ 3/4)

"ಇಷ್ಟೊಂದು ಕಾಯಿ ಕಳ್ಕೊಂಡ ಮೇಲೂ ಆಡೋದು ಮರ್ಯಾದೆ ಅಲ್ಲ." ಈ ಮಾತು ನೀವೂ ಕೇಳಿರ್ತೀರಿ. ಚಾಟ್‌ನಲ್ಲಿ "ರಿಸೈನ್ ಮಾಡಪ್ಪ" ಅಂತ ಬೈಸಿಕೊಂಡೂ ಇರ್ತೀರಿ.

ನಾನು ಇದನ್ನ ಅರ್ಧ ಒಪ್ತೀನಿ, ಅರ್ಧ ಒಪ್ಪಲ್ಲ.

ಈ ಮರ್ಯಾದೆ ಹುಟ್ಟಿದ್ದು ಕ್ಲಬ್ಬುಗಳಲ್ಲಿ, ಟೂರ್ನಿ ಹಾಲ್‌ಗಳಲ್ಲಿ. ಎದುರು ಬದುರು ಕೂತು ನಾಲ್ಕೈದು ಗಂಟೆ ಆಡೋರು. ಇಬ್ಬರಿಗೂ ಆಟ ಚೆನ್ನಾಗಿ ಗೊತ್ತು. ಒಂದು ಆನೆ ಜಾಸ್ತಿ ಇದ್ದರೆ ಮುಂದಿನವರು ಗೆಲ್ತಾರೆ ಅನ್ನೋದು ಗೊತ್ತಿರೋ ವಿಷಯ. ಅಲ್ಲಿ ಕೈಕುಲುಕಿ ಸೋಲೊಪ್ಪಿಕೊಳ್ಳೋದು ಅಂದ್ರೆ "ನಿಮ್ಮ ಆಟದ ಮೇಲೆ ನನಗೆ ನಂಬಿಕೆ ಇದೆ" ಅಂತ ಹೇಳಿದ ಹಾಗೆ. ಚೆಂದದ ಪದ್ಧತಿ. ಅದು ಅಲ್ಲಿ ಇರಲಿ.

ಆದ್ರೆ ನಾವು ಆಡೋದು ಮೂರು ನಿಮಿಷದ ಬ್ಲಿಟ್ಜ್. ಆ ಮೂರು ನಿಮಿಷಕ್ಕೆ ಇಬ್ಬರೂ ಒಪ್ಪಿಯೇ ಕೂತಿದ್ದೀವಿ. ಗಡಿಯಾರ ಆಟದ ಹೊರಗಿಲ್ಲ, ಅದೂ ಒಂದು ಕಾಯಿ. ಎದುರಾಳಿ ನನ್ನ ಮಂತ್ರಿ ಗೆಲ್ಲೋಕೆ ಎರಡು ನಿಮಿಷ ಖರ್ಚು ಮಾಡಿದ್ದರೆ, ಆ ಬೆಲೆಯನ್ನ ನಾನು ಕೇಳಿ ವಸೂಲಿ ಮಾಡೋದರಲ್ಲಿ ತಪ್ಪೇನಿದೆ? ಗೆಲ್ತಿರೋ ಆಟವನ್ನ ಗೆದ್ದು ಮುಗಿಸೋದೂ ಒಂದು ವಿದ್ಯೆ. ಅದು ತನಗಿದೆ ಅಂತ ಅವನು ತೋರಿಸಲಿ.

ಹಾಗಾದ್ರೆ ಅಮರ್ಯಾದೆ ಯಾವುದು? ಸೋಲ್ತಿದ್ದೀನಿ ಅಂತ ಗೊತ್ತಾದ ಕೂಡಲೇ ಫೋನ್ ಪಕ್ಕಕ್ಕಿಟ್ಟು, ಏಳು ನಿಮಿಷ ಗಡಿಯಾರ ಓಡೋಕೆ ಬಿಟ್ಟು ಊಟಕ್ಕೆ ಹೋಗೋದು. ಅದು ಆಡೋದಲ್ಲ, ಸೇಡು. ನಡೆ ನಡೆಸ್ತಾ ಇರೋವರೆಗೆ ನೀವು ಆಟಗಾರರು. ಕಾಯಿಸೋಕೆ ಶುರು ಮಾಡಿದ್ರೆ ಬರೀ ಕಿರಿಕಿರಿ.

ನನ್ನ ಅಕ್ಕನ ಮಗನಿಗೆ ಹತ್ತು ವರ್ಷ. ಹೋದ ಬೇಸಿಗೆ ರಜೆಯಲ್ಲಿ ನಾನೇ ಆಟ ಕಲಿಸಿದೆ. ಈಗ ಒಂದು ಕುದುರೆ ಹೋದ್ರೆ ಸಾಕು, "ಮಾಮ, ರಿಸೈನ್ ಮಾಡ್ತೀನಿ" ಅಂತಾನೆ. ಬೇಡ ಕಣೋ, ಇನ್ನೂ ಆಟ ಇದೆ ಅಂದೆ. ಅವನು ತಲೆ ಎತ್ತದೇ ಹೇಳಿದ: "ನೀನೂ ಹಂಗೇ ಮಾಡ್ತೀಯಲ್ಲ ಮಾಮ."

ಉತ್ತರ ಇರಲಿಲ್ಲ. ನಡೆಗಳನ್ನ ಹೇಳಿಕೊಟ್ಟಿದ್ದೆ. ಬಿಟ್ಟು ಓಡೋದನ್ನ ಹೇಳಿಕೊಟ್ಟಿರಲಿಲ್ಲ, ಅದನ್ನ ಅವನು ಪಕ್ಕದಲ್ಲಿ ಕೂತು ನೋಡಿ ಕಲಿತಿದ್ದ. ಈ ಕಂತು ಬರೀತಿರೋದಕ್ಕೆ ನನ್ನ ಮೂವತ್ತು ಪಾಯಿಂಟ್‌ಗಿಂತ ಅದೇ ದೊಡ್ಡ ಕಾರಣ.

(ಭಾಗ 4/4)

ಈಗ ನಾವಿಬ್ಬರೂ ಒಂದು ಒಪ್ಪಂದ ಮಾಡ್ಕೊಂಡಿದ್ದೀವಿ. ಬಾವುಟ ಒತ್ತೋ ಮುಂಚೆ ಕೈ ಹಿಂದಕ್ಕೆ ಕಟ್ಟಿ ಮೂರು ಪ್ರಶ್ನೆ.

👉 ಒಂದು: ನನ್ನ ಹತ್ತಿರ ಚೆಕ್ ಇದೆಯಾ? ಏನಾದ್ರೂ ಹೊಡೆಯೋಕೆ ಸಿಗ್ತಾ?
ನಾನು ಮೊನ್ನೆ ಇದೊಂದು ಕೇಳಿಕೊಂಡಿದ್ದರೆ ಆನೆ ಇ8 ಕಣ್ಣಿಗೆ ಬೀಳ್ತಿತ್ತು.

👉 ಎರಡು: ಡ್ರಾ ಆಗೋ ದಾರಿ ಇದೆಯಾ?
ನಿಮ್ಮ ರಾಜ ಒಬ್ಬನೇ ಮೂಲೆಯಲ್ಲಿದ್ದಾನೆ ಅನ್ನಿ, ಎಚ್8ರಲ್ಲಿ. ಎದುರಾಳಿ ಆತುರದಲ್ಲಿ ಮಂತ್ರಿಯನ್ನ ಜಿ6ಕ್ಕೆ ತಂದರೆ ಚೆಕ್ ಇಲ್ಲ, ನಿಮಗೆ ಹೋಗೋಕೆ ಮನೆಯೂ ಇಲ್ಲ. ಸ್ಟೇಲ್‌ಮೇಟ್, ಡ್ರಾ. ಮೂಲೆಯ ರಾಜನಿಂದ ಕುದುರೆ ನಡೆಯಷ್ಟು ದೂರದಲ್ಲಿ ಮಂತ್ರಿ ಬಂದು ನಿಲ್ಲೋ ಈ ತಪ್ಪನ್ನ ಹೊಸಬರು ಮತ್ತೆ ಮತ್ತೆ ಮಾಡ್ತಾರೆ. ಎದುರಾಳಿಗೆ ಒಂದು ಒಂಟೆ ಮತ್ತು ಅಂಚಿನ ಸಾಲಿನ ಕಾಲಾಳು ಮಾತ್ರ ಉಳಿದಿದ್ದು, ಆ ಕಾಲಾಳು ಮಂತ್ರಿಯಾಗೋ ಮೂಲೆಮನೆ ಒಂಟೆಯ ಬಣ್ಣದ್ದು ಅಲ್ಲದಿದ್ದರೆ, ನಿಮ್ಮ ರಾಜ ಆ ಮೂಲೆ ಸೇರಿದರೆ ಸಾಕು. ಅಲ್ಲಿಂದ ಯಾರೂ ಹೊರಗೆ ತಳ್ಳೋಕಾಗಲ್ಲ, ಡ್ರಾ.

👉 ಮೂರು: ಅವನ ಗಡಿಯಾರದಲ್ಲಿ ಎಷ್ಟಿದೆ?
ಅವನ ಸಮಯ ಮುಗಿದಾಗ ನಿಮ್ಮ ಹತ್ತಿರ ಬರೀ ರಾಜ ಇದ್ದರೂ ಡ್ರಾ ಸಿಗುತ್ತೆ, ಸೋಲಲ್ಲ. ಆದ್ರೆ ಪ್ರತಿ ನಡೆಗೂ ಎರಡು ಸೆಕೆಂಡ್ ಸೇರೋ ಆಟದಲ್ಲಿ ಈ ಆಸೆ ಜಾಸ್ತಿ ಇಟ್ಕೋಬೇಡಿ.

ಮೂರಕ್ಕೂ ಉತ್ತರ "ಇಲ್ಲ" ಅಂತ ಬಂದರೆ? ಎದುರಿಗಿರೋರಿಗೆ ಬೇಕಾದಷ್ಟು ಸಮಯ ಇದೆ, ಗೆಲ್ಲೋಕೆ ಬರುತ್ತೆ ಅಂತ ಆಗಲೇ ತೋರಿಸಿದ್ದಾರೆ, ನೀವು ಯೋಚನೆ ನಿಲ್ಲಿಸಿ ಸುಮ್ಮನೆ ರಾಜನನ್ನ ಆಚೆ ಈಚೆ ಓಡಾಡಿಸ್ತಿದ್ದೀರಿ. ಆಗ ಬಿಡಿ. ಖುಷಿಯಾಗಿ ಬಿಡಿ. "ಚೆನ್ನಾಗಿ ಆಡಿದ್ರಿ" ಅಂತ ಒಂದು ಸಾಲು ಹಾಕಿ ಬಿಡಿ. ಸತ್ತ ಆಟವನ್ನ ಇಪ್ಪತ್ತು ನಿಮಿಷ ಎಳೆಯೋದಕ್ಕಿಂತ, ಎಲ್ಲಿ ತಪ್ಪಿದ್ದು ಅಂತ ಐದು ನಿಮಿಷ ನೋಡಿದ್ರೆ ಜಾಸ್ತಿ ಕಲೀತೀರಿ.

ಹೊಸಬರಿಗೆ ಮಾತ್ರ ನನ್ನ ಸಲಹೆ ಬೇರೆ. ನಿಮ್ಮ ರೇಟಿಂಗ್ ಸಾವಿರದ ಒಳಗಿದ್ದರೆ ಆ ಬಟನ್ ಇದೆ ಅನ್ನೋದನ್ನೇ ಮರೆತುಬಿಡಿ. ಚೆಕ್‌ಮೇಟ್ ಆಗೋವರೆಗೆ ಆಡಿ. ಯಾಕಂದ್ರೆ ನಿಮ್ಮ ಎದುರಾಳಿಯೂ ನಿಮ್ಮ ಹಾಗೇ, ನಿಮ್ಮಷ್ಟೇ ತಪ್ಪು ಮಾಡೋರು. ತಪ್ಪು ಮಾಡದೇ ಇದ್ದರೂ ನಷ್ಟ ಇಲ್ಲ, ಗೆಲ್ಲೋದು ಹೇಗೆ ಅಂತ ಅವರು ನಿಮಗೆ ಪುಕ್ಕಟೆ ಪಾಠ ಹೇಳಿಕೊಡ್ತಾರೆ.

ಕೊನೇದಾಗಿ ಒಂದು. ರಿಸೈನ್ ಮಾಡಿದ ತಕ್ಷಣ "ಹೊಸ ಆಟ" ಒತ್ತಬೇಡಿ. ಎದ್ದು ಒಂದು ಲೋಟ ನೀರು ಕುಡೀರಿ. ನನ್ನ ಮೂವತ್ತು ಪಾಯಿಂಟ್‌ನಲ್ಲಿ ಮಂತ್ರಿ ಕಳ್ಕೊಂಡಿದ್ದಕ್ಕೆ ಹೋಗಿದ್ದು ಏಳೆಂಟು ಮಾತ್ರ. ಉಳಿದದ್ದು ಸಿಟ್ಟಿಗೆ ಹೋಯ್ತು.

ನಿನ್ನೆ ಸಂಜೆ ಅಕ್ಕನ ಮಗ ಫೋನ್ ಮಾಡಿದ್ದ. ಒಂದು ಆನೆ, ಒಂದು ಕುದುರೆ ಕಳ್ಕೊಂಡು ಕೊನೆವರೆಗೂ ಆಡಿದನಂತೆ. ಗೆದ್ದೆಯಾ ಅಂದೆ. "ಇಲ್ಲ ಮಾಮ, ಸೋತೆ. ಆದ್ರೆ ಅವನಿಗೆ ಬರೀ ಒಂಬತ್ತು ಸೆಕೆಂಡ್ ಉಳಿದಿತ್ತು!"

ಆ ದನಿಯಲ್ಲಿ ಸೋಲು ಇರಲಿಲ್ಲ.

ನೀವು ಬಿಟ್ಟುಕೊಟ್ಟು ಆಮೇಲೆ ಕೈ ಕೈ ಹಿಸುಕಿಕೊಂಡ ಆಟ ಯಾವುದು? ಕಾಮೆಂಟ್‌ನಲ್ಲಿ ಹೇಳಿ. ನಗಲ್ಲ, ಮಾತು ಕೊಡ್ತೀನಿ. ನಾನೂ ಅದೇ ಸಾಲಲ್ಲಿ ನಿಂತಿರೋನು. 👇

ಮುಂದಿನ ಕಂತು: ಗೆಲ್ತಿರೋ ಆಟ ಕೈತಪ್ಪೋದು ಹೇಗೆ?

#ಅರವತ್ನಾಲ್ಕುಮನೆ #ಚದುರಂಗ #ಕನ್ನಡದಲ್ಲಿಚೆಸ್