ಬಟಾಣಿಯಷ್ಟು ಪೇಸ್ಟ್
ಬೇಸಿಗೆ ಬಂತೆಂದರೆ ಮನೆಯ ಹಳೆಯ ಕಂಪ್ಯೂಟರಿನ ಫ್ಯಾನು ಮಿಕ್ಸಿಯಂತೆ ಕಿರುಚುತ್ತದೆ, ಕೆಲಸ ನಿಧಾನವಾಗುತ್ತದೆ. ಬಿಸಿ 95–100 ಡಿಗ್ರಿ ಮುಟ್ಟಿದರೆ ಪ್ರೊಸೆಸರ್ ತನ್ನನ್ನು ಉಳಿಸಿಕೊಳ್ಳಲು ತಾನೇ ವೇಗ ತಗ್ಗಿಸುತ್ತದೆ. ಹೊಸದನ್ನು ಕೊಳ್ಳುವ ಮೊದಲು, ನಾಲ್ಕೈದು ವರ್ಷದ ಹಿಂದೆ ಪ್ರೊಸೆಸರಿಗೂ ಅದರ ಬಿಸಿ ಹೊರಹಾಕುವ ಲೋಹದ ಹೀಟ್‌ಸಿಂಕಿಗೂ ನಡುವೆ ಹಚ್ಚಿದ ಥರ್ಮಲ್ ಪೇಸ್ಟ್ ಒಣಗಿದೆಯೇ ನೋಡಿ. ಪ್ರೊಸೆಸರಿನ ಮುಚ್ಚಳವೂ ಹೀಟ್‌ಸಿಂಕಿನ ತಳವೂ ಕಣ್ಣಿಗೆ ನುಣುಪು. ನಿಜಕ್ಕೂ ಎರಡರಲ್ಲೂ ಸೂಕ್ಷ್ಮ ತಗ್ಗುದಿಣ್ಣೆಗಳಿವೆ, ಅಲ್ಲಿ ಗಾಳಿ ಸಿಕ್ಕಿಕೊಳ್ಳುತ್ತದೆ. ಶಾಖ ಸಾಗಿಸುವುದರಲ್ಲಿ ಗಾಳಿ ಬಲು ಸೋಮಾರಿ: ತಾಮ್ರದ ಉಷ್ಣವಾಹಕತೆ (ವಾಟ್/ಮೀಟರ್-ಕೆಲ್ವಿನ್ ಲೆಕ್ಕದಲ್ಲಿ) ಸುಮಾರು 400 ಆದರೆ ಗಾಳಿಯದು ಬರೀ 0.026. ಒಳ್ಳೆಯ ಪೇಸ್ಟಿನದೂ ಹತ್ತರ ಆಸುಪಾಸಿನಲ್ಲೇ ಇರುತ್ತದೆ. ಎಂದರೆ ಅದು ಗಾಳಿಗಿಂತ ಎಷ್ಟೋ ಮೇಲು, ಲೋಹಕ್ಕಿಂತ ಎಷ್ಟೋ ಕೀಳು. ಪೇಸ್ಟ್ ಇರುವುದು ಸಂದು ತುಂಬಲು. ದೋಸೆಗೆ ಬೆಣ್ಣೆ ಸವರಿದಂತೆ ದಪ್ಪಗೆ ಬಳಿದರೆ ಅದೇ ಶಾಖಕ್ಕೆ ಅಡ್ಡಗೋಡೆ. ಬಹಳ ಮಂದಿ ಎಡವುವುದು ಇಲ್ಲೇ. ಬಿಚ್ಚುವ ಮೊದಲು ಹತ್ತು ನಿಮಿಷ ಕಂಪ್ಯೂಟರ್ ಓಡಿಸಿ, ಪೇಸ್ಟ್ ಮೆತ್ತಗಾಗಲಿ. ಆಮೇಲೆ ಆಫ್ ಮಾಡಿ, ವೈರ್ ತೆಗೆದು, ಹೀಟ್‌ಸಿಂಕನ್ನು ಮೆಲ್ಲಗೆ ಅತ್ತಿತ್ತ ತಿರುಗಿಸಿ ಎತ್ತಿ. ಎಎಮ್‌ಡಿಯ ಎಎಮ್4 ಸಾಕೆಟ್‌ನಲ್ಲಿ ನೇರಕ್ಕೆ ಜಗ್ಗಿದರೆ ಪ್ರೊಸೆಸರೇ ಕಿತ್ತು ಬಂದು ಪಿನ್ನು ಬಾಗಬಹುದು. ಹಳೆಯದನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಒರೆಸಿ, ಆರಿದ ಮೇಲೆ ನಡುವೆ ಬಟಾಣಿ ಗಾತ್ರದ ಒಂದೇ ಬೊಟ್ಟು ಇಡಿ. ಬೆರಳಲ್ಲಿ ಹರಡಬೇಡಿ, ಹೀಟ್‌ಸಿಂಕಿನ ಒತ್ತಡವೇ ಆ ಕೆಲಸ ಮಾಡುತ್ತದೆ. ಸ್ಕ್ರೂಗಳನ್ನು ಮೂಲೆಯಿಂದ ಎದುರು ಮೂಲೆಗೆ ಸ್ವಲ್ಪಸ್ವಲ್ಪವೇ ಬಿಗಿಮಾಡಿ. ಹೀಟ್‌ಸಿಂಕ್ ಹೊಸದಾದರೆ, ತಳಕ್ಕೆ ಅಂಟಿಸಿದ ಪ್ಲಾಸ್ಟಿಕ್ ಹಾಳೆಯನ್ನು ದಯವಿಟ್ಟು ಮೊದಲೇ ಸುಲಿದುಬಿಡಿ.