ರಜೆಯಲ್ಲಿ ನೋಡಿದ್ದು ಸಾಕು, ಏನಾದ್ರೂ ಕಲಿಯೋಣ

ಎರಡು ದಿನ ರಜೆ ಸಿಕ್ಕರೆ ನಮ್ಮ ವಾಟ್ಸಾಪ್ ಗ್ರೂಪಲ್ಲಿ ಮೊದಲು ಬರೋ ಹೆಸರು ಸಿರಿಮನೆ. ಶೃಂಗೇರಿಯಲ್ಲಿ ದರ್ಶನ, ಮಠದ ಊಟ, ಕಿಗ್ಗ ದಾಟಿ ಫಾಲ್ಸ್, ಮೆಟ್ಟಿಲಿಳಿದು ನೀರಿಗೆ ತಲೆಯೊಡ್ಡಿ ನಾಲ್ಕು ರೀಲ್ಸ್, ವಾಪಸ್. ಸೆಮ್ ರಜೆ ಆದರೆ ಮನಾಲಿ. ಅಲ್ಲೂ ಅದೇ ಕಥೆ. ಸೋಲಂಗ್‌ನಲ್ಲಿ ಬಾಡಿಗೆ ಕೋಟು, ಬಾಡಿಗೆ ಸ್ಕೀ, ಯಾರೋ ಕೈ ಹಿಡಿದು ಹತ್ತು ಮೀಟರ್ ಜಾರಿಸ್ತಾರೆ, ಫೋಟೋ, ಮುಗೀತು. ಅದು ಸ್ಕೀಯಿಂಗ್ ಅಲ್ಲ, ಸ್ಕೀ ಹಾಕ್ಕೊಂಡು ನಿಂತಿದ್ದು ಅಷ್ಟೇ.

ನಮ್ಮ ವಾದ ಇಷ್ಟು: ವರ್ಷಕ್ಕೆ ಒಂದು ರಜೆಯನ್ನಾದರೂ ಒಂದೇ ಜಾಗದಲ್ಲಿ ಉಳಿದು, ಗೊತ್ತಿಲ್ಲದ ಒಂದು ವಿಷಯವನ್ನು ಕಲಿಸೋರ ಹತ್ತಿರ ಕಲಿಯೋಕೆ ಇಡೋಣ.

ಕಳೆದ ಸೆಮ್ ರಜೆಯಲ್ಲಿ ನಾವು ಐದು ಜನ ಸೋಲಂಗ್‌ನಲ್ಲಿ ಆರು ದಿನ ಹೀಗೇ ಕಳೆದ್ವಿ. ಮೊದಲ ದಿನ ಇಳಿಜಾರೇ ಇಲ್ಲ. ಕಲ್ಲಿನಂಥ ಬೂಟು ಹಾಕಿ ಸಮತಟ್ಟು ಜಾಗದಲ್ಲಿ ನಡೆಯೋದು, ಪಕ್ಕಕ್ಕೆ ಬೀಳೋದು, ಸ್ಕೀಗಳನ್ನ ಇಳಿಜಾರಿಗೆ ಅಡ್ಡ ಇಟ್ಟು ಏಳೋದು. ಎರಡನೇ ದಿನ ನಿಲ್ಲಿಸೋದು: ಸ್ಕೀಗಳ ಮುಂದಿನ ತುದಿ ಹತ್ತಿರ, ಹಿಂದಿನ ತುದಿ ದೂರ, ಒಳಅಂಚು ಹಿಮಕ್ಕೆ ಒತ್ತಬೇಕು. ಆಮೇಲೇ ಜಾರೋದು.

ಕಷ್ಟ ಆಗಿದ್ದು ಒಂದೇ ವಿಷಯಕ್ಕೆ. ವೇಗ ಬಂತು ಅಂದ ತಕ್ಷಣ ಭಯಕ್ಕೆ ಮೈ ತಾನಾಗೇ ಹಿಂದಕ್ಕೆ ವಾಲುತ್ತೆ. ಹಿಂದಕ್ಕೆ ವಾಲಿದರೆ ಸ್ಕೀಯ ಮುಂಭಾಗದ ಮೇಲೆ ಭಾರ ಇರಲ್ಲ, ತಿರುಗಿಸೋಕೂ ಆಗಲ್ಲ, ನಿಲ್ಲಿಸೋಕೂ ಆಗಲ್ಲ. ಮೊಣಕಾಲು ಬಗ್ಗಿಸಿ ಇಳಿಜಾರಿನ ಕಡೆಗೇ ವಾಲಬೇಕು. ಫ್ರೀ ಬಾಡಿ ಡಯಾಗ್ರಾಂ ಬರೆದರೆ ಎರಡು ನಿಮಿಷದ ಲೆಕ್ಕ. ಮೈಗೆ ಅರ್ಥ ಆಗೋಕೆ ಮೂರು ದಿನ ಬೇಕಾಯ್ತು. ನಮ್ಮಲ್ಲಿ ಬೇಗ ಕಲಿತವನು ಕೊಪ್ಪದ ಹುಡುಗ. ಚಿಕ್ಕಂದಿನಲ್ಲಿ ಅಡಿಕೆ ಹಾಳೆ ಮೇಲೆ ಕೂತು ಗುಡ್ಡದಿಂದ ಜಾರಿದವನಿಗೆ ಬೀಳೋದಂದ್ರೆ ನಾಚಿಕೆಯೇ ಇರಲಿಲ್ಲ.

ಈ ನಾಚಿಕೆಯೇ ನಮ್ಮ ನಿಜವಾದ ಸಮಸ್ಯೆ ಅಂತ ನಮಗನ್ನಿಸುತ್ತೆ. ಎಸ್‌ಎಸ್‌ಎಲ್‌ಸಿಯಿಂದ ಇಲ್ಲೀತನಕ ಚೆನ್ನಾಗಿ ಬರೋದನ್ನ ಮಾತ್ರ ನಾಲ್ಕು ಜನರ ಮುಂದೆ ಮಾಡಿದ್ದೀವಿ. ಲ್ಯಾಬಲ್ಲಿ ಗೊತ್ತಿಲ್ಲ ಅಂತ ಕೇಳೋಕೂ ಹಿಂಜರಿತೀವಿ, ವೈವಾದಲ್ಲಿ ಸಿಕ್ಕಿಬೀಳ್ತೀವಿ. ಸೋಲಂಗ್‌ನಲ್ಲಿ ಏಳೆಂಟು ವರ್ಷದ ಮಕ್ಕಳು ನಮ್ಮ ಪಕ್ಕದಲ್ಲೇ ಸರ್ರಂತ ಇಳಿದು ಹೋಗ್ತಿದ್ರು. ಎರಡು ದಿನ ಅವಮಾನ, ಮೂರನೇ ದಿನ ಅವರನ್ನೇ ಕೇಳಿ ಕಲಿಯೋದು. ಇಂಟರ್ನಲ್ಸ್ ಇಲ್ಲದ ಜಾಗದಲ್ಲಿ ದಡ್ಡರಾಗಿರೋದು ಒಂದು ಸುಖ.

ಹಿಮ ಇಲ್ಲದ ನಾಡಿನವರಿಗೆ ಇದೆಲ್ಲ ಯಾಕೆ ಅಂತೀರಾ? ಕೊಡಗಿನ ಭವಾನಿ ತೆಕ್ಕಡ ನಂಜುಂಡ 2025ರ ಜುಲೈನಲ್ಲಿ ಚಿಲಿ ದೇಶದಲ್ಲಿ 5 ಕಿ.ಮೀ. ಕ್ರಾಸ್ ಕಂಟ್ರಿ ಸ್ಕೀಯಿಂಗ್‌ನಲ್ಲಿ ಕಂಚು ಗೆದ್ದರು. ಅವರ ಊರಲ್ಲೂ ಬೀಳೋದು ಮಳೆಯೇ, ಹಿಮ ಅಲ್ಲ.

ದುಡ್ಡಿನ ಪ್ರಶ್ನೆ ನ್ಯಾಯವಾದದ್ದು. ಎಲ್ಲರಿಗೂ ಮನಾಲಿ ಆಗಲ್ಲ. ಹೋಗೋದೇ ಆದ್ರೆ ಬಾಡಿಗೆ ಅಂಗಡಿಗೆ ಮುಂಚೆ ಮನಾಲಿಯ ಅಟಲ್ ಬಿಹಾರಿ ವಾಜಪೇಯಿ ಪರ್ವತಾರೋಹಣ ಸಂಸ್ಥೆ, ಗುಲ್ಮಾರ್ಗ್‌ನ ಕೇಂದ್ರ ಸರ್ಕಾರದ ಸ್ಕೀಯಿಂಗ್ ಸಂಸ್ಥೆ, ಇವುಗಳ ಕೋರ್ಸ್ ವಿವರ ನೋಡಿ. ಆಗದಿದ್ರೆ ಸಿರಿಮನೆ ಕಡೆಗೇ ಹೋಗಿ, ಆದರೆ ಅಡಿಕೆ ಕೊಯ್ಲಿನ ಹೊತ್ತಿಗೆ ಗೆಳೆಯರ ಮನೆಯಲ್ಲಿ ನಾಲ್ಕು ದಿನ ಉಳಿಯಿರಿ. ಮೆಟ್ಟುಗತ್ತಿ ಮುಂದೆ ಕೂತು ಅಡಿಕೆ ಸುಲಿಯೋಕೆ ಅವರ ಅಮ್ಮನ ಹತ್ತಿರ ಹೇಳಿಸಿಕೊಳ್ಳಿ. ಅವರು ಹತ್ತು ಸುಲಿಯೋ ಹೊತ್ತಿಗೆ ನಿಮ್ಮದು ಒಂದೂ ಆಗಿರಲ್ಲ.

ಇನ್ನೊಂದು ಮಾತು. ಮಳೆಗಾಲದಲ್ಲಿ ಫಾಲ್ಸ್‌ನ ಪಾಚಿಗಟ್ಟಿದ ಬಂಡೆ ಹಿಮಕ್ಕಿಂತ ಜಾರುತ್ತೆ, ಬಿದ್ದರೆ ಹಿಮದಷ್ಟು ಮೆತ್ತಗೂ ಇರಲ್ಲ. ಸ್ಕೀ ಬೈಂಡಿಂಗ್ ಆದ್ರೂ ನಮ್ಮ ತೂಕ, ಎತ್ತರ, ವಯಸ್ಸು ನೋಡಿ ಹೊಂದಿಸಿದ್ದು. ಕಾಲು ಮುರಿಯೋಷ್ಟು ತಿರುಚಿದರೆ ಬಿಟ್ಟುಕೊಳ್ಳಲಿ ಅಂತ ಮಾಡಿರೋದು, ಮನೆಯ ಎಂಸಿಬಿ ಥರ. ಬಂಡೆ ಮೇಲೆ ನಮ್ಮ ಚಪ್ಪಲಿಗೆ ಅದೂ ಇಲ್ಲ. ಮುಂದಿನ ಸಲ ರೀಲ್ಸ್‌ಗೆ ಅಂಚಿಗೆ ಹೋಗೋ ಮುಂಚೆ, ಎಲ್ಲಿ ಕಾಲಿಡಬಹುದು ಅಂತ ಅಲ್ಲಿನೋರನ್ನ ಒಂದು ಮಾತು ಕೇಳಿ. ಅದೂ ಕಲಿಕೆಯೇ.